ಉಪಾಧ್ಯಕ್ಷರ ಬ್ಯಾಡ್ಜ್

ಕೆಲಸದ ಮೇಲೆ ಬ್ರಿಸ್ಬೇನ್‌ಗೆ ಹೋಗಿದ್ದಾಗ, ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ಕನ್ನಡಿಗರ ಕೂಟವೊಂದರ ವಾರ್ಷಿಕ ಸಭೆಯ ಊಟಕ್ಕೆ ಕರೆದಿದ್ದರು. ಸಾರು ಬಡಿಸುತ್ತಿದ್ದ ಹಿರಿಯರ ಅಂಗಿಯ ಮೇಲೆ ‘ಉಪಾಧ್ಯಕ್ಷ’ ಎಂಬ ಬ್ಯಾಡ್ಜ್ ಇತ್ತು.

ಸುಮ್ಮನಿರಲಾರದೆ, “ಅಮೆರಿಕದಲ್ಲಿ ಅಧ್ಯಕ್ಷರು ಹೋದ ಗಳಿಗೆಯಿಂದ್ಲೇ ಉಪಾಧ್ಯಕ್ಷರು ಅಧ್ಯಕ್ಷರಾಗ್ತಾರೆ. ಇಲ್ಲಿ ಹೇಗೆ ಸಾರ್?” ಎಂದೆ.

“ಇಲ್ಲೂ ಹಾಗೇ. ಹೋದ ತಿಂಗಳಿಂದ ನಾನೇ ಅಧ್ಯಕ್ಷ.”

“ಮತ್ತೆ ಈ ಬ್ಯಾಡ್ಜು? ಹಳೇ ಅಧ್ಯಕ್ಷರು ಅವರದನ್ನ ಬಿಟ್ಟುಕೊಡ್ತಿಲ್ವಾ?” ಎಂದು ನಕ್ಕೆ.

“ಅಧ್ಯಕ್ಷರಲ್ಲಪ್ಪ, ಅಧ್ಯಕ್ಷೆ. ನನ್ನ ಹೆಂಡತಿ. ತೀರ್ಕೊಂಡ್ಬಿಟ್ಟಳು. ಅವಳ ಬ್ಯಾಡ್ಜು ಮನೇಲೇ ಇದೆ. ನನಗೊಂದು ಹೊಸದು ಮಾಡಿಸ್ಕೊಳ್ಳೋಕೆ ಮನಸ್ಸು ಬರ್ತಿಲ್ಲ.”

ಅವರು ಸೌಟು ಎತ್ತಿ, “ಇನ್ನೂ ಸ್ವಲ್ಪ ಸಾರು ಹಾಕ್ಲಾ?” ಎಂದರು.

ಹೊಟ್ಟೆ ತುಂಬಿತ್ತು. ಬೇಡವೆನ್ನುವ ಧೈರ್ಯವಾಗದೆ ಎರಡು ಸಲ ಹಾಕಿಸಿಕೊಂಡೆ.