ಬಳೆಗಾರವ್ವನ ಮನೆಗೆ ಕುಂಕುಮ

ನನ್ನ ನಾದಿನಿಯ ಬಳೆ ಶಾಸ್ತ್ರಕ್ಕೆ ನಾನು ಏನನ್ನೂ ಮರೆತಿರಲಿಲ್ಲ, ಒಂದನ್ನು ಬಿಟ್ಟು. ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಅನ್ನುತ್ತಾರಲ್ಲ, ಆ ಜಾತಿಯ ಮರೆವು. ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಗ ರಾಯದುರ್ಗ ಮದ್ರಾಸಿನವರ ಆಡಳಿತದಲ್ಲಿತ್ತು. ಯುದ್ಧದ ಕಾಲ. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಗಾಜಿನ ಬಳೆಗೂ ಬರ. ನಮ್ಮ ಅತ್ತೆಗೆ ಮೊಣಕಾಲು ಹಿಡಿದುಕೊಂಡಿತ್ತು. ಮನೆಗೆ ಬಂದು ಮೂರು ವರ್ಷವಾಗಿದ್ದ ಸೊಸೆ ನಾನು; ಮಗಳ ಶಾಸ್ತ್ರದ ಹೊಣೆಯನ್ನು ಅವರು ನನ್ನ ಸೆರಗಿಗೆ ಕಟ್ಟಿ ಕೂತರು. ನನಗೋ ಬಿಂಕ. ಎಲ್ಲವೂ ನನ್ನ ಕೈಯಿಂದಲೇ ಆಗಬೇಕು, ಯಾರೂ ಎರಡು ಮಾತಾಡಬಾರದು. ಕಡಲೆಬೇಳೆ, ಬೆಲ್ಲ ಹೊಂದಿಸಿ ಹೋಳಿಗೆಗೆ ಅಣಿ ಮಾಡಿದೆ. ಪಕ್ಕದ ಓಣಿಯಿಂದ ದೊಡ್ಡ ಹಂಚು ತಂದೆ. ಕುಂಕುಮದ ಬಟ್ಟಲು ಹಿಡಿದು ನಮ್ಮ ಓಣಿ, ಪೇಟೆ ಬೀದಿ, ಕೋಟೆಯ ಬುಡದ ಮನೆಗಳನ್ನೆಲ್ಲ ತಿರುಗಿ ಹೆಂಗಸರನ್ನು ಕರೆದು ಬಂದೆ. ನಮ್ಮಲ್ಲಿ ಬಾಯಿಮಾತಿನ ಕರೆ ಕರೆಯಲ್ಲ. ಹೊಸ್ತಿಲು ದಾಟಿ ಒಳಗೆ ಹೋಗಿ, ಮನೆಯಾಕೆಯ ಹಣೆಗೆ ಕುಂಕುಮವಿಟ್ಟು "ಬರ್ರಿ" ಅಂದರೇನೇ ಕರೆದ ಹಾಗೆ. ಹಾಗೆ ಕರೆಯದ ಮನೆಯವರು ಎದುರುಮನೆಯಲ್ಲಿದ್ದರೂ ಬರುವುದಿಲ್ಲ.

ಈ ಬಳೆ ಶಾಸ್ತ್ರವೆಂದರೆ ಎಲ್ಲರ ಎದೆಯಲ್ಲೂ ಡವಡವ ಅನ್ನುವುದಕ್ಕೆ ಕಾರಣವಿತ್ತು. ನಾದಿನಿ ಚಿಕ್ಕವಳಿದ್ದಾಗ ಹುಣಸೆ ಮರದಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಕಟ್ಟು ಹಾಕಿದವನು ಹೇಗೆ ಹಾಕಿದನೋ, ಹೆಬ್ಬೆರಳಿನ ಬುಡದ ಮೂಳೆ ಎದ್ದು ನಿಂತು ಹಾಗೇ ಕೂಡಿಕೊಂಡಿತು. ಆ ಕೈಯಿಂದ ಅವಳು ರೊಟ್ಟಿ ಬಡಿಯುತ್ತಿದ್ದಳು, ನೀರು ಸೇದುತ್ತಿದ್ದಳು, ನನಗಿಂತ ಚೆನ್ನಾಗಿ ರಂಗೋಲಿ ಬಿಡುತ್ತಿದ್ದಳು. ಆದರೆ ಹೆಬ್ಬೆರಳು ಅಂಗೈಯೊಳಕ್ಕೆ ಮಡಚುತ್ತಿರಲಿಲ್ಲ. ಮಡಚದಿದ್ದರೆ ಬಳೆ ಏರುವುದು ಹೇಗೆ? ಯಾರು ತೊಡಿಸಲು ಹೋದರೂ ಚಟ್ ಅಂತ ಒಡೆಯುತ್ತಿತ್ತು. ಊರಿಗೆಲ್ಲ ಬಳೆ ತೊಡಿಸುತ್ತಿದ್ದ ಬಳೆಗಾರವ್ವ ಒಬ್ಬಳ ಕೈಗೆ ಮಾತ್ರ ಆ ಕೈ ಬಗ್ಗುತ್ತಿತ್ತು.

ವರ ಮಡಕಶಿರದ ಕಡೆಯವನು. ಕೈ ನೋಡಿಯೇ ಒಪ್ಪಿದ್ದ, ಪುಣ್ಯಾತ್ಮ. ಆದರೆ ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಒಪ್ಪಿರಲಿಲ್ಲ. ಬಳೆ ನಿಲ್ಲದ ಕೈಯಲ್ಲಿ ಸಂಸಾರ ನಿಂತೀತೇ ಅನ್ನುವುದು ಆಕೆಯ ವಾದ. ಕೊನೆಗೆ ಒಂದು ಮಾತಿಗೆ ಬಂದು ನಿಂತಳು: ಶಾಸ್ತ್ರಕ್ಕೆ ತಾನೇ ಬರುತ್ತೇನೆ, ಇಪ್ಪತ್ತೊಂದು ಬಳೆಯೂ ಒಡೆಯದೆ ಏರಿದರೆ ಮದುವೆ, ಒಂದು ಒಡೆದರೂ ತನ್ನ ಮಗನಿಗೆ ಬೇರೆ ಹೆಣ್ಣು. ವರ ಆ ತಾಯಿಯ ಮಾತು ಮೀರುವವನಲ್ಲ. ನಾದಿನಿ ಇದನ್ನು ಕೇಳಿದವಳು ಅಳಲಿಲ್ಲ, ಬೈಯಲಿಲ್ಲ. ಎರಡು ದಿನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದಳು. 

ಶಾಸ್ತ್ರದ ದಿನ ಬೆಳಿಗ್ಗೆ ದೊಡ್ಡಮ್ಮ ಬಂದಿಳಿದಳು. ರಾತ್ರಿಯೆಲ್ಲ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಕುಲುಕಿ, ಮುಖದ ತುಂಬ ಮಸಿ. ತೊಳೆದುಕೊಂಡು ಬಂದು ನಡುಮನೆಯಲ್ಲಿ ಮಣೆಯ ಎದುರಿಗೇ ಕೂತಳು. ಹೆಂಗಸರು ಒಬ್ಬೊಬ್ಬರೇ ಬಂದರು. ನಾದಿನಿಯನ್ನು ಹಸಿರು ಸೀರೆ ಉಡಿಸಿ ಕೂರಿಸಿದೆ. ಆರತಿ ತಟ್ಟೆ ಸಿದ್ಧ, ಹೋಳಿಗೆ ಸಿದ್ಧ. ಆಗ ಅತ್ತೆ ಮೆಲ್ಲಗೆ ಕೇಳಿದರು, ಬಳೆಗಾರವ್ವ ಎಲ್ಲಿ ಅಂತ.

ಬಳೆ ತರಲು ಅವಳಿಗೆ ಹೇಳಿದ್ದೆ. ಇಂಥ ದಿನ, ಇಂಥ ಅಳತೆ, ಹಸಿರು ಬಣ್ಣ, ಎಲ್ಲ ಸಂತೆಯಲ್ಲಿ ನಿಂತುಕೊಂಡೇ ಹೇಳಿದ್ದೆ. ಆದರೆ ಕುಂಕುಮದ ಬಟ್ಟಲು ಹಿಡಿದು ಅವಳ ಬಾಗಿಲಿಗೆ ಹೋಗಿರಲಿಲ್ಲ. ಊರಿನ ಎಲ್ಲ ಶಾಸ್ತ್ರಕ್ಕೂ ಇರುವವಳನ್ನು ಕರೆಯಬೇಕು ಅಂತ ಹೊಳೆದೇ ಇರಲಿಲ್ಲ. ಬಟ್ಟಲು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಓಡಿದೆ. ಗರತಿ ಹೆಂಗಸು ಬೀದಿಯಲ್ಲಿ ಓಡುವುದನ್ನು ರಾಯದುರ್ಗ ಅಂದೇ ನೋಡಿದ್ದಿರಬೇಕು.

ಬಳೆಗಾರವ್ವ ಪಡಸಾಲೆಯಲ್ಲಿ ಕೂತಿದ್ದಳು. ಐವತ್ತು ದಾಟಿದವಳು, ಗಟ್ಟಿ ಆಳು, ಕುಂಕುಮದ ಬಣ್ಣದ ಸೀರೆ, ಕೈತುಂಬ ಕೆಂಪು ಬಳೆ. ಪಕ್ಕದಲ್ಲಿ ನಮ್ಮ ಹಸಿರು ಬಳೆಗಳ ಮಲಾರ ಕಟ್ಟಿ ಇಟ್ಟೇ ಇತ್ತು. ಅಂದರೆ ಹೊರಟು ಕೂತಿದ್ದಳು, ಏಳದೆ ಕೂತಿದ್ದಳು. ನನಗೆ ತಪ್ಪು ನನ್ನದೆಂದು ಗೊತ್ತಿದ್ದೂ ರೇಗಿತು. ಅಲ್ಲಿ ಮಣೆಯ ಮೇಲೆ ಹುಡುಗಿ ಕಾಯುತ್ತಿದ್ದಾಳೆ, ನಿನಗೂ ಒಂದು ಕರೆ ಬೇಕೇ, ನೀನು ಮನೆಯವಳಲ್ಲವೇ ಅಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಮನಿಯಾಕಿ ಅಂತ ಎಲ್ಲಾರೂ ಅಂತಾರ್ರೀ ಯವ್ವಾ. ಬಳಿ ತಗೊಂಬಾ ಅಂತಾರ. ಬಾ ಅಂತ ಮಾತ್ರ ಒಬ್ಬರೂ ಅಂದಿಲ್ಲ. ಈ ಊರಾಗ ಎಷ್ಟು ಮದುಮಕ್ಕಳ ಕೈ ಹಿಡದೀನಿ, ನನ್ನ ಹಣಿಗೆ ಒಬ್ಬರೂ ಕುಂಕುಮ ಇಟ್ಟಿಲ್ಲ."

ಹೊಸ್ತಿಲು ದಾಟಿ ಒಳಗೆ ಹೋದೆ. ಅವಳೆದುರು ಮೊಣಕಾಲೂರಿ ಹಣೆಗೆ ಕುಂಕುಮವಿಟ್ಟೆ, ಶಾಸ್ತ್ರಕ್ಕೂ ಊಟಕ್ಕೂ ಬರಬೇಕು ಅಂತ ಕರೆದೆ. ಅವಸರಕ್ಕೆ ಕುಂಕುಮ ಅವಳ ಮೂಗಿನ ಮೇಲೂ ಉದುರಿತು. ಅದನ್ನು ಒರೆಸಿಕೊಳ್ಳದೆಯೇ ಮಲಾರ ಹೆಗಲಿಗೇರಿಸಿ ನನ್ನ ಜೊತೆ ಬಂದಳು.

ಅವಳು ಬಳೆ ತೊಡಿಸುವುದನ್ನು ನೋಡಬೇಕಿತ್ತು ನೀವು. ನಾದಿನಿಯ ಕೈಗೆ ಹರಳೆಣ್ಣೆ ಸವರಿ, ಮಗುವಿನ ಕಾಲು ನೀವಿದ ಹಾಗೆ ನೀವಿದಳು. ಬಾಯಲ್ಲಿ ಹಾಳು ಹರಟೆ: ತನ್ನ ಗಂಡನಿಗೆ ಹುಣಸೆಹಣ್ಣಿನ ಚಟ, ಕದ್ದು ತಿನ್ನುತ್ತಾನೆ, ಹಲ್ಲೆಲ್ಲ ಚಳಿತು ರೊಟ್ಟಿ ಅಗಿಯಲಾರ ಅಂತ. ಹುಡುಗಿ ನಕ್ಕಾಗ ಕೈ ಸಡಿಲವಾಗುತ್ತಿತ್ತು, ಅದೇ ಗಳಿಗೆಯಲ್ಲಿ ಬಳೆ ಏರಿಬಿಡುತ್ತಿತ್ತು. ಎಡಗೈಗೆ ಹನ್ನೊಂದು ಬೇಗ ಮುಗಿದವು. ಬಲಗೈಗೆ ಒಂದೊಂದಕ್ಕೂ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ದೊಡ್ಡಮ್ಮ ರೆಪ್ಪೆ ಬಡಿಯದೆ ಎಣಿಸುತ್ತಿದ್ದಳು. ಇಪ್ಪತ್ತಾಯಿತು. ನಾನು ಆರತಿಗೆ ಬತ್ತಿ ಹಚ್ಚಲು ಬಗ್ಗಿದೆ.

ಚಟ್ ಅಂತ ಸದ್ದು ಕೇಳಿತು.

ತಲೆಯೆತ್ತಿದರೆ ಬಳೆಗಾರವ್ವ ತನ್ನ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದ್ದಳು. ಮಣೆಯ ಮೂಲೆಯ ಹತ್ತಿರ ಕೆಂಪು ಗಾಜಿನ ಚೂರು ಬಿದ್ದಿತ್ತು.

"ನಂದ್ರೀ ಯವ್ವಾ, ನಂದು. ಮಣಿಗೆ ಬಡೀತು, ಹಳೀ ಬಳಿ."

ದೊಡ್ಡಮ್ಮ ಬಗ್ಗಿ ಚೂರು ಎತ್ತಿ ನೋಡಿದಳು. ಕೆಂಪೇ. ಅವಳು ತಲೆ ಎತ್ತುವಷ್ಟರಲ್ಲಿ ಇಪ್ಪತ್ತೊಂದನೆಯ ಹಸಿರು ಬಳೆ ನಾದಿನಿಯ ಬಲಗೈಯಲ್ಲಿತ್ತು. ದೊಡ್ಡಮ್ಮ ಎರಡೂ ಕೈ ಹಿಡಿದು ಇನ್ನೊಂದು ಸಲ ಎಣಿಸಿದಳು, ಆಮೇಲೆ ಆ ಕೈಗಳನ್ನು ಬಿಡದೆ ತನ್ನ ಕಣ್ಣಿಗೆ ಒತ್ತಿಕೊಂಡಳು. "ನನ್ ಸೊಸೆ ಕೈ ಇದು, ಇನ್ಮೇಲೆ ಯಾರೂ ಏನೂ ಅನ್ನಂಗಿಲ್ಲ" ಅಂದಳು. ಅಲ್ಲಿಯವರೆಗೆ ಅಂದವಳು ತಾನೊಬ್ಬಳೇ ಅನ್ನುವುದು ಮರೆತೇ ಹೋಗಿತ್ತು ಪಾಪ. ನಾದಿನಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಸಂತೋಷಕ್ಕೆ ಅಂದುಕೊಂಡೆ ನಾನು.

ಎಲೆ ಹಾಕಿದೆವು. ಬಳೆಗಾರವ್ವನನ್ನು ಮೊದಲ ಸಾಲಿನಲ್ಲೇ ಕೂರಿಸಬೇಕೆಂದು ಹುಡುಕಿದರೆ ಅವಳಿಲ್ಲ. ಹಿತ್ತಿಲಲ್ಲಿ ನಿಂತು, ಎಲೆ ಕಟ್ಟಿಕೊಡ್ರಿ, ಮನೆಗೆ ಒಯ್ಯುತ್ತೇನೆ ಅಂದಳು. ನನಗೆ ಮತ್ತೆ ರೇಗಿತು. ಕುಂಕುಮವಿಟ್ಟು ಊಟಕ್ಕೆ ಕರೆಸಿಕೊಂಡು ಈಗ ಇದೇನು ಬಿಗುಮಾನ ಅಂತ ಅವಳ ಬಲಗೈ ಹಿಡಿದು ಎಳೆದೆ. ಅವಳು ನೋವಿಗೆ ಹಾ ಅಂದಳು. ಮುಷ್ಟಿ ಬಿಡಿಸಿ ನೋಡಿದೆ. ಅಂಗೈ ಉದ್ದಕ್ಕೂ ಕೊಯ್ದುಹೋಗಿತ್ತು. ರಕ್ತವನ್ನೆಲ್ಲ ಆ ಕುಂಕುಮದ ಬಣ್ಣದ ಸೆರಗಿಗೆ ಒರೆಸಿಕೊಂಡಿದ್ದಳು, ಯಾರಿಗೂ ಕಂಡಿರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸಿದಳು. ಒಳಗಿದ್ದದ್ದು ಹಸಿರು ಬಳೆಯ ಚೂರುಗಳು.

ಆಗ ನನಗೆ ತಿಳಿಯಿತು. ಒಡೆದದ್ದು ನಾದಿನಿಯ ಬಳೆ, ಬಳೆಗಾರವ್ವನ ಅಂಗೈಯ ಮರೆಯಲ್ಲಿ. ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದೇ ಉಸಿರಿನಲ್ಲಿ ತನ್ನ ಕೈಬಳೆಯನ್ನು ಮಣೆಗೆ ಬಡಿದು ಒಡೆದುಕೊಂಡಿದ್ದಳು. ಎಲ್ಲರೂ ಕೆಂಪು ಚೂರು ನೋಡುತ್ತಿದ್ದಾಗ ಹಸಿರು ಚೂರನ್ನು ಸೆರಗಿಗೆ ಸೇರಿಸಿ, ಕೊಯ್ದ ಕೈಯಿಂದಲೇ ಇನ್ನೊಂದು ಹಸಿರು ಬಳೆ ಏರಿಸಿದ್ದಳು. ಗಂಡನಿರುವ ಹೆಂಗಸು ತಾನಾಗಿ ತನ್ನ ಬಳೆ ಒಡೆದುಕೊಳ್ಳುವುದೇ? ಶಿವನೇ, ನಿನ್ನ ಗಂಡನಿಗೆ ಏನಾದರೂ ಆದರೆ ಅಂದೆ.

"ಬಳಿ ಮಾರಾಕಿ ಕೈಯಾಗ ದಿನಾ ಒಡೀತಾವ್ರಿ. ಅದು ಶಕುನ ಆಗಿದ್ರ ನನ್ನ ಗಂಡ ನೂರು ಸಲ ಸಾಯಬೇಕಿತ್ತು. ಮನ್ಯಾಗ ಕುಂತು ಹುಣಸಿಹಣ್ಣು ಚಪ್ಪರಿಸಾಕತ್ತಾನ."

ಆಮೇಲೆ ದನಿ ತಗ್ಗಿಸಿ, ಹುಡುಗಿಗೆ ಗೊತ್ತು, ಈಗ ನಿಮಗೆ ಗೊತ್ತಾಯಿತು, ಮೂರನೆಯ ಕಿವಿಗೆ ಬೀಳಬಾರದು ಅಂದಳು. ನಾದಿನಿ ಮಡಕಶಿರದಲ್ಲಿ ನಾಲ್ಕು ಮಕ್ಕಳನ್ನು ಹೆತ್ತು, ದೊಡ್ಡಮ್ಮನ ಕೊನೆಗಾಲದ ಚಾಕರಿಯನ್ನೆಲ್ಲ ಅದೇ ಬಲಗೈಯಿಂದ ಮಾಡಿ, ಮುತ್ತೈದೆಯಾಗಿಯೇ ಹೋದಳು. ಅದಕ್ಕೇ ಇಂದು ಬಾಯಿ ಬಿಡುತ್ತಿದ್ದೇನೆ.

ಆ ದಿನ ಬಳೆಗಾರವ್ವನ ಅಂಗೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತ, ಇಷ್ಟೆಲ್ಲ ಯಾಕೆ ಮಾಡಿದೆ ಅಂತ ಕೇಳಿದೆ.

"ಬರೇ ಬಳಿ ತರಾಕ ಹೇಳಿದ್ರ ಬಳಿ ತೊಡಿಸಿ ಹೋಗತಿದ್ನಿ. ನೀವು ಕುಂಕುಮ ಇಟ್ಟು ಕರದ್ರಲ್ರೀ. ಕರದ ಮನೀದು ಒಡಿಯಾಕ ಬಿಡ್ತೀನೇನು?"

ಬಲಗೈಗೆ ಬಟ್ಟೆ ಕಟ್ಟಿದ್ದರಿಂದ ಅವಳು ಉಣ್ಣುವಂತಿರಲಿಲ್ಲ. ಕೇಳಿದವರಿಗೆ ಅವಳ ಕೆಂಪು ಬಳೆಯ ಚೂರು ತಾಗಿತು ಅಂದೆ. ಕೈ ಹಿಡಿದು ಒಳಗೆ ಕರೆತಂದೆ, ಮೊದಲ ಸಾಲಿನ ಮೊದಲ ಎಲೆಯ ಮುಂದೆ ಕೂರಿಸಿದೆ. ಎಲ್ಲರೂ ನೋಡುತ್ತಿದ್ದಂತೆ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಅವಳ ಬಾಯಿಗೆ ತುತ್ತಿಟ್ಟೆ.