ಅಪೊಲಿನ್ ಬಾಯಿಯ ಎಡಗಾಲು

ಪುತ್ತಿಗೆಯಲ್ಲಿ ಅಪೊಲಿನ್ ಬಾಯಿಯನ್ನು ಸೊಂಟದಿಂದ ಮೇಲೆ ಮಾತ್ರ ಬಲ್ಲವರೇ ಹೆಚ್ಚು. ರಸ್ತೆ ಬದಿಯ ಒಂದು ಕೋಣೆಯ ಅಂಗಡಿಯಲ್ಲಿ ರವಿಕೆ ಹೊಲಿಯುವ ಆಕೆ, ಯಾರು ಬಂದರೂ ಮೆಷಿನಿನ ಹಿಂದಿನಿಂದ ಏಳುತ್ತಿರಲಿಲ್ಲ. ತನಗೆ ಹೊಲಿದುಕೊಂಡ ಲಂಗಗಳೆಲ್ಲ ನೆಲ ಗುಡಿಸುವಷ್ಟು ಉದ್ದ.

ಹತ್ತೊಂಬತ್ತರ ಪ್ರಾಯದಲ್ಲಿ ಜ್ವರ ಬಂದು ಎಡಗಾಲು ಬಾತಿತ್ತು. ಜ್ವರ ಇಳಿಯಿತು, ಬಾವು ಇಳಿಯಲಿಲ್ಲ. ಆನೆಕಾಲು ಎಂದರು ಡಾಕ್ಟರು. ಗೊತ್ತಾಗಿದ್ದ ಮದುವೆ ನಿಂತುಹೋಯಿತು. "ಮುಚ್ಚಿಕೋ ಮಗಾ, ಯಾರಿಗೂ ಕಾಣುವುದು ಬೇಡ" ಎಂದು ತಾಯಿ ಪ್ರೀತಿಯಿಂದಲೇ ಹೇಳಿದರು. ತಾಯಿ ತೀರಿಹೋಗಿ ಹತ್ತು ವರ್ಷವಾದರೂ ಅಪೊಲಿನ್ ಮುಚ್ಚಿಕೊಂಡೇ ಇದ್ದಳು. ಸ್ನಾನದಲ್ಲೂ ಆ ಕಾಲಿನ ಮೇಲೆ ಒಂದು ಚೊಂಬು ನೀರು ಸುರಿದು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಇಗರ್ಜಿಯಲ್ಲಿ ಆಕೆಗೆ ಕೊನೆಯ ಬೆಂಚು. ಪಾಪನಿವೇದನೆಯ ಕೊನೆಗೆ ಪ್ರತಿ ಸಲ ಒಂದು ಮಾತು ಸೇರಿಸುತ್ತಿದ್ದಳು: "ಮತ್ತೆ, ನನಗೆ ನೆನಪಿಲ್ಲದ ಆ ಒಂದು ಪಾಪ."

ಹಿಂದಿನ ಪಾದ್ರಿಗಳು ಯಾರೂ ಅದೇನೆಂದು ಕೇಳಿರಲಿಲ್ಲ. ಹೊಸದಾಗಿ ಬಂದ ಫಾದರ್ ಸಿಪ್ರಿಯನ್ ಕೇಳಿದರು.

"ನೆನಪಿಲ್ಲದ್ದು ಯಾವ ಪಾಪ, ಬಾಯಿ?"

"ಕಾಲು ಹೀಗಾಗಿದೆಯಲ್ಲ, ಫಾದರ್. ಏನೋ ಮಾಡಿರಬೇಕು ನಾನು."

ಜಾಲರಿಯ ಆಚೆಯಿಂದ ಅವರೆಂದರು, "ಅದು ಸೊಳ್ಳೆ ಕಚ್ಚಿ ಬಂದ ಕಾಯಿಲೆ. ಸೊಳ್ಳೆ ಪಾಪ ಪುಣ್ಯ ನೋಡಿ ಕಚ್ತದಾ? ಮಾಡದ ಪಾಪಕ್ಕೆ ಕ್ಷಮೆ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ದೇವರಿಗೆ ನಿಮ್ಮ ಮೇಲೆ ಸಿಟ್ಟುಂಟು ಅಂತ ಹೇಳಿದ್ದು ಯಾರು?"

ಅಪೊಲಿನ್ ಎಷ್ಟು ಹುಡುಕಿದರೂ ಅಂಥ ಒಬ್ಬರು ನೆನಪಾಗಲಿಲ್ಲ.

ಅದೇ ವಾರ ವಾರ್ಡಿನ ಹಿರಿಯರಾದ ಗುರ್ಕಾರರು ಅಂಗಡಿಗೆ ಬಂದರು. ಈಸ್ಟರಿಗೆ ಮೊದಲಿನ ಪವಿತ್ರ ಗುರುವಾರ ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ, ಈಗ ಹೆಂಗಸರೂ ಕೂರಬಹುದು, ಚೀಟಿ ಎತ್ತಿದಾಗ ನಿಮ್ಮ ಹೆಸರು ಬಂತು ಎಂದರು. ಆಕೆಯ ಮುಖ ಬಿಳುಚಿದ್ದು ಕಂಡು ದನಿ ತಗ್ಗಿಸಿ, "ಬಲಗಾಲು ಮಾತ್ರ ಬಾಯಿ, ಅದೇ ನಮ್ಮ ಕ್ರಮ" ಎಂದರು. ಬಲಗಾಲು ಚೆನ್ನಾಗಿಯೇ ಇತ್ತು. ಆಕೆ ಒಪ್ಪಿದಳು.

ಆ ಗುರುವಾರಕ್ಕೆ ನಾಲ್ಕು ದಿನ ಮೊದಲು, ಗರಿಗಳ ಭಾನುವಾರ, ಆಕೆಗೆ ಜ್ವರ ಬಂತು. ವರ್ಷಕ್ಕೆ ನಾಲ್ಕೈದು ಸಲ ಆ ಕಾಲು ಕೆಂಪೇರಿ, ನಡುಕ ಹತ್ತಿಸಿ ಆಕೆಯನ್ನು ಮಲಗಿಸುತ್ತಿತ್ತು. ಮಧ್ಯಾಹ್ನದ ಬಿಸಿಲು ಹೆಂಚಿನ ನಡುವಿನ ಗಾಜಿನಿಂದ ಇಳಿದು ಚಾಪೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ, ಪಕ್ಕದಲ್ಲಿ ಬೇರೆ ಯಾರೋ ಮಲಗಿದ ಹಾಗೆ ಕಂಡಿತು. ಮೈಯೆಲ್ಲ ಸುಡುತ್ತ, ಒಂದು ಮಾತೂ ಆಡದೆ ಯಾರೋ ತನಗಾಗಿ ಕಾಯುತ್ತಿದ್ದರು. ಬಿಸಿಲಿನ ಚೌಕ ಅಲ್ಲಿಗೆ ತಲುಪಿದಾಗ ಅದು ತನ್ನದೇ ಕಾಲೆಂದು ಗೊತ್ತಾಯಿತು. ಇಪ್ಪತ್ತೆಂಟು ವರ್ಷ ಇಗರ್ಜಿಗೆ, ಅಂಗಡಿಗೆ, ತಾಯಿಯ ಸಮಾಧಿಗೆ ಇದೂ ನಡೆದು ಬಂದಿದೆ. ಆಕೆ ಕೈ ಚಾಚಿ ಮುಟ್ಟಿದಳು. ಅಸಹ್ಯವಾಗಲಿಲ್ಲ. ಅಯ್ಯೋ ಪಾಪ, ಅನ್ನಿಸಿತು. 'ಸ್ವಾಮೀ, ನೀನು ಕೊಟ್ಟದ್ದರಲ್ಲಿ ಇದೊಂದನ್ನು ನಾನು ದೂರ ಇಟ್ಟೆ' ಎನ್ನುತ್ತ ನಿದ್ದೆಹೋದಳು.

ಗುರುವಾರದ ಹೊತ್ತಿಗೆ ಜ್ವರ ಬಿಟ್ಟಿತ್ತು. ಸಂಜೆ ಹನ್ನೆರಡು ಕುರ್ಚಿಗಳಲ್ಲಿ ಒಂಬತ್ತನೆಯದು ಆಕೆಯದು. ಗಾಯನದವರ ದನಿ ದೂರದ ಹೊಳೆಯಂತೆ ಬಂದು ಹೋಗುತ್ತಿತ್ತು. ಫಾದರ್ ಒಬ್ಬೊಬ್ಬರ ಮುಂದೆ ಮೊಣಕಾಲೂರಿ, ನೀರು ಹೊಯ್ದು, ಒರೆಸಿ, ಮುಂದೆ ಸರಿಯುತ್ತಿದ್ದರು. ಆಕೆಯ ಸರದಿ ಬಂದಾಗ ಬಲಗಾಲಿಗೆ ಕೈಯೊಡ್ಡಿದರು. ಅಪೊಲಿನ್ ಅದನ್ನು ಹಿಂದಕ್ಕೆಳೆದುಕೊಂಡು, ಲಂಗವನ್ನು ಮೊಣಕಾಲಿನವರೆಗೆ ಎತ್ತಿ, ಎಡಗಾಲನ್ನು ಮುಂದಿಟ್ಟಳು.

ಬೋಗುಣಿಯಲ್ಲಿ ಆ ಪಾದ ಹಿಡಿಯಲಿಲ್ಲ. ಫಾದರ್ ಬೋಗುಣಿಯನ್ನು ಬದಿಗಿಟ್ಟು ಪಾದವನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡರು. ಬಿಳಿ ನಿಲುವಂಗಿ ಒದ್ದೆಯಾಯಿತು. ಬೆರಳುಗಳ ಸಂದು ಸಂದನ್ನೂ ಬಟ್ಟೆಯಿಂದ ಒರೆಸಿದರು, ಅವಸರವಿಲ್ಲದೆ. ಯಾರೋ ಕೆಮ್ಮಿದರು. ಯಾರೋ ತಲೆ ತಗ್ಗಿಸಿದರು. ಆಕೆಗೆ ನೀರಿನ ತಂಪು ಮಾತ್ರ ಗೊತ್ತಾಗುತ್ತಿತ್ತು. ಇಷ್ಟೊಂದು ಕಣ್ಣುಗಳ ನಡುವೆ ಇಷ್ಟು ಹಗುರವಾಗಿ ಕುಳಿತಿರುವವಳು ತಾನೇ ಹೌದಾ ಎಂದು ಬೆರಗಾಯಿತು.

ಈಸ್ಟರ್ ಕಳೆದ ಮೇಲೆ ಆಶಾ ಕಾರ್ಯಕರ್ತೆ ಶುಭಶ್ರೀಯನ್ನು ಆಕೆಯೇ ಕರೆಸಿದಳು.

"ದಿನಾ ಸೋಪು ಹಾಕಿ ತೊಳೆದು, ಒಣಗಿಸಿ, ಮುಲಾಮು ಹಚ್ಚಿ ಅಂತ ಐದು ವರ್ಷದಿಂದ ಹೇಳ್ತಾ ಇದ್ದೇನಲ್ಲ ಬಾಯಿ!" ಎಂದಳು ಶುಭಶ್ರೀ.

"ನೀನು ಹೇಳಿದ್ದೆ. ನೋಡದೆ ತೊಳೆಯುವುದು ಹೇಗೆ, ಮಾರಾಯ್ತಿ?"

ಕಾಲು ಸಣ್ಣದಾಗಲಿಲ್ಲ, ಆಗುವುದೂ ಇಲ್ಲ. ಆದರೆ ಜ್ವರ ಕಳೆದ ವರ್ಷ ಒಂದೇ ಸಲ ಬಂತು. ಸ್ಟೂಲಿನ ಮೇಲೆ ಕಾಲು ಚಾಚಿ, ಅಂಗಡಿಯ ಜಗಲಿಯಲ್ಲಿ ಗಾಳಿಗೆ ಕೂತು ಆಕೆ ಗುಂಡಿಗೆ ಕಾಜಾ ಹೊಲಿಯುವುದನ್ನು ಈಗ ಎಲ್ಲರೂ ನೋಡಿದ್ದಾರೆ.

ಒಂದು ದಿನ ಜೈನಬಮ್ಮ ಎಂಬ ಹೆಂಗಸು ಬಂದು, ಹೊಲಿಯಲಿಕ್ಕೇನೂ ಕೊಡದೆ, ಬಹಳ ಹೊತ್ತು ಆ ಕಾಲನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಬುರ್ಖಾದ ಅಂಚನ್ನು ಒಂದಿಷ್ಟೇ ಎತ್ತಿದಳು. ಅಡಿಯಲ್ಲಿ ಅಂಥದೇ ಬಾತ ಪಾದ.

"ನಿಮಗೆ ನಾಚಿಕೆ ಆಗುವುದಿಲ್ವಾ ಬಾಯಿ?"

"ಆಗ್ತದೆ, ಒಂದೊಂದು ದಿನ," ಎಂದಳು ಅಪೊಲಿನ್. "ಆದರೆ ಈಗ ಅದು ಬಂದು ಹೋಗ್ತದೆ, ಮನೆ ಮಾಡುವುದಿಲ್ಲ. ಕೂತ್ಕೊಳ್ಳಿ. ಊಟ ಮಾಡಿ ಮೂಡುಬಿದಿರೆ ಆಸ್ಪತ್ರೆಗೆ ಒಟ್ಟಿಗೆ ಹೋಗುವ."