ಗೋವಿಂದರಾಜು ಕಟ್ಟದೆ ಬಿಟ್ಟ ಫೈಲು

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಒಂದು ಕಾಲಕ್ಕೆ ಗೋವಿಂದರಾಜುವಿಗೆ ಟೀ ಕೊಡದ ಮನೆ ಇರಲಿಲ್ಲ. ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿತ್ತು. ತಲೆಯ ಮೇಲೆ ವಿಮಾನ ಹೋದರೆ ಜನ ಇನ್ನೂ ಕತ್ತೆತ್ತಿ ನೋಡುತ್ತಿದ್ದ ವರ್ಷಗಳು. ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಕಲಿಸುತ್ತಿದ್ದ ಈತ, ಸೀರೆಯ ಅಂಚು ಸೆರಗುಗಳ ಡಿಸೈನ್ ಬಿಡಿಸುವ ಸಾಫ್ಟ್‌ವೇರೊಂದನ್ನು ತಾನೇ ಬರೆದ. ವಿಂಡೋಸ್ ಬದಲು ಕಾಸಿಲ್ಲದೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮೇಲೆ ಓಡುವಂಥದ್ದು, ಅದೂ ಪುಕ್ಕಟೆ. ಚೌಕದ ಹಾಳೆಯ ಮೇಲೆ ಪೆನ್ಸಿಲ್ ತೀಡಿ ತೀಡಿ ಕಣ್ಣು ಹಾಳುಮಾಡಿಕೊಳ್ಳುತ್ತಿದ್ದವರಿಗೆ ಅದರಿಂದ ದೊಡ್ಡ ಉಪಕಾರವೇ ಆಯಿತು. ಅಷ್ಟರ ಮಟ್ಟಿಗೆ ಅವನನ್ನು ಹೊಗಳಲೇಬೇಕು.

ಆದರೆ ಮನುಷ್ಯನಿಗೆ ಒಂದು ಖಯಾಲಿ. ಸಾಫ್ಟ್‌ವೇರ್ ಹಂಚುವವರು ಅದಕ್ಕೆ ಬೇಕಾದ ಫೈಲುಗಳನ್ನೆಲ್ಲ ಸೇರಿಸಿ ಒಂದು ಪ್ಯಾಕೇಜ್ ಕಟ್ಟುತ್ತಾರೆ. ಯಾರ ಕಂಪ್ಯೂಟರಿಗೆ ಹಾಕಿದರೂ ಓಡಬೇಕು. ತಾವು ಬರೆದ ಮೂಲ ಕೋಡನ್ನೂ ಜೊತೆಗೆ ಕೊಟ್ಟರೆ ನಾಳೆ ಇನ್ನೊಬ್ಬರು ಅದನ್ನು ಮತ್ತೆ ಕಟ್ಟಿಕೊಳ್ಳಬಹುದು. ಗೋವಿಂದರಾಜು ಮೂಲ ಕೋಡನ್ನು ಕೊಡಲಿಲ್ಲ, ಪ್ಯಾಕೇಜಿನಿಂದಲೂ ಒಂದು ಫೈಲನ್ನು ಬೇಕೆಂದೇ ಹೊರಗಿಟ್ಟ. ಡಿಸೈನ್ ತೆರೆಯುವ ಫೈಲೇ ಅದು. ಅದನ್ನು ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡು, ಕರೆದವರ ಮನೆಗೆ ಬೈಕಿನಲ್ಲಿ ಹೋಗಿ, ಡಾಕ್ಟರರ ಗತ್ತಿನಲ್ಲಿ ಎಲ್ಲರನ್ನೂ ದೂರ ನಿಲ್ಲಿಸಿ ಹಾಕಿಕೊಡುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. ತಾನು ಹೋಗದೆ ಕೆಲಸ ಆಗಬಾರದು, ಅವನಿಗೆ ಬೇಕಾಗಿದ್ದುದು ಅಷ್ಟೇ.

ಹೆಚ್ಚಾಗಿ ಹೋಗುತ್ತಿದ್ದುದು ಆದಿನಾರಾಯಣಪ್ಪನವರ ಮನೆಗೆ. ನಾಲ್ಕು ಮಗ್ಗದ ಸದ್ದಿನ ನಡುವೆ ಕೂತು ಡಿಸೈನ್ ಬಿಡಿಸುತ್ತಿದ್ದ ಹಿರಿಯರು. ಕರೆಂಟಿನ ಕಾಟಕ್ಕೆ ಅವರ ಕಂಪ್ಯೂಟರ್ ವರ್ಷಕ್ಕೆರಡು ಸಲ ಕೆಡುತ್ತಿತ್ತು, ಲಿನಕ್ಸ್ ಹೊಸದಾಗಿ ಹಾಕಿದಾಗಲೆಲ್ಲ ಇವನಿಗೆ ಫೋನ್ ಬರುತ್ತಿತ್ತು. ಡಿಪ್ಲೊಮಾ ಓದುತ್ತಿದ್ದ ಅವರ ಮಗಳು ಭಾನುಪ್ರಿಯಾ ಒಂದು ದಿನ ಕೇಳಿಯೇಬಿಟ್ಟಳು.

“ಅದೊಂದು ಫೈಲನ್ನ ಪ್ಯಾಕೇಜಲ್ಲೇ ಸೇರಿಸ್ಬಿಡಿ ಗೋವಿಂದಣ್ಣ. ಪಾಪ, ಪ್ರತಿ ಸಲ ನೀವೇ ಬರ್ಬೇಕು.”

“ಅದು ಅಷ್ಟು ಸುಲಭ ಅಲ್ಲ ಕಣಮ್ಮ,” ಎಂದ. ಶುದ್ಧ ಸುಳ್ಳು. ಐದು ನಿಮಿಷದ ಕೆಲಸ.

ಮುಂದೆ ಅವನಿಗೆ ದೇವನಹಳ್ಳಿಯ ಕಡೆ, ವಿಮಾನಕ್ಕೆ ಸರಕು ತುಂಬಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಶಿಫ್ಟು, ಕೊರಳಿಗೊಂದು ಐಡಿ ಕಾರ್ಡು, ಮನೆ ಬಾಗಿಲಿಗೆ ಕ್ಯಾಬು. ಹಳೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ನೆಂಟರಿಗೆ ಕೊಟ್ಟ. ಪೆನ್‌ಡ್ರೈವ್ ಎಲ್ಲಿ ಬಿತ್ತೋ ಅವನಿಗೇ ತಿಳಿಯದು. ಆದಿನಾರಾಯಣಪ್ಪನವರ ಫೋನ್ ಎರಡು ಸಲ ಬಂತು. ಎರಡು ಸಲವೂ “ಡ್ಯೂಟಿ ಮೇಲಿದೀನಿ ಸಾರ್, ಆಮೇಲೆ ಮಾಡ್ತೀನಿ” ಎಂದವನು ಮಾಡಲಿಲ್ಲ.

ಐದಾರು ವರ್ಷದ ಮೇಲೆ ಭಾನುಪ್ರಿಯಾ ಫೋನ್ ಮಾಡಿದಳು. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಯುಪಿಎಸ್ ಹಾಕಿಸಿದ ಮೇಲೆ ಇಷ್ಟು ವರ್ಷ ಕೆಡದಿದ್ದ ಹಳೆಯ ಕಂಪ್ಯೂಟರ್ ಈಗ ಸುಟ್ಟುಹೋಗಿತ್ತು, ಡಿಸೈನ್‌ಗಳನ್ನು ಮಾತ್ರ ಮೊದಲೇ ಕಾಪಿ ಮಾಡಿಟ್ಟಿದ್ದಳು. ಅದರಲ್ಲಿ ಅಪ್ಪ ಕೊನೆಗೆ ಬಿಡಿಸಿದ ಒಂದು ಸೆರಗಿತ್ತು. ಹುಷಾರು ತಪ್ಪಿದ್ದರಿಂದ ಅದು ಮಗ್ಗಕ್ಕೆ ಏರಲೇ ಇಲ್ಲ. ವರ್ಷದ ತಿಥಿಯೊಳಗೆ ಆ ಸೀರೆ ನೇಯಿಸಿ ಅಮ್ಮನ ಕೈಗಿಡಬೇಕೆಂದು ಅವಳ ಆಸೆ. ಹೊಸ ಕಂಪ್ಯೂಟರಿಗೆ ಇವನ ಪ್ಯಾಕೇಜ್ ಹಾಕಿದರೆ, ಒಂದು ಫೈಲ್ ಇಲ್ಲ ಎನ್ನುತ್ತಿತ್ತು.

ಗೋವಿಂದರಾಜು ನೆಂಟರ ಮನೆಗೆ ಓಡಿದ. ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿತ್ತು. ಉಳಿದ ಮಗ್ಗದ ಮನೆಗಳವರೂ ಅಷ್ಟರಲ್ಲಿ ಬೇರೆ ಸಾಫ್ಟ್‌ವೇರಿಗೆ ಹೋಗಿದ್ದರು, ಆ ಫೈಲು ಯಾರಲ್ಲೂ ಉಳಿದಿರಲಿಲ್ಲ. ಹದಿನೈದು ದಿನ ರಜೆ ಹಾಕಿ, ನೆನಪಿನಿಂದಲೇ ಆ ಫೈಲನ್ನು ಮತ್ತೆ ಬರೆಯಲು ಕೂತ. ಪರದೆಯ ಮೇಲೆ ಬಂದದ್ದು ಬರೀ ಚೆಲ್ಲಾಪಿಲ್ಲಿ ಚುಕ್ಕೆ. ತನ್ನ ಕೈಯಾರೆ ಹಾಕಿದ ಬೀಗ ತನಗೇ ತೆಗೆಯಲು ಬರಲಿಲ್ಲ.

ಕೊನೆಗೆ ಅವಳ ಮನೆಗೆ ಹೋಗಿ ಬಾಯಿಬಿಟ್ಟ.

“ಆಗಲಿಲ್ಲ ಕಣಮ್ಮ. ಆ ಫೈಲನ್ನ ನಾನು ಬೇಕೂಂತ್ಲೇ ಬಿಟ್ಟಿದ್ದೆ. ನೀವೆಲ್ಲ ನನ್ನ ಕರೀತಾ ಇರ್ಲಿ ಅಂತ.”

ಭಾನುಪ್ರಿಯಾ ಹೊಸ ಕಂಪ್ಯೂಟರನ್ನು ಆರಿಸಿ ಅವನ ಕಡೆ ತಿರುಗಿದಳು.

“ಅಪ್ಪಂಗೆ ಅದು ಗೊತ್ತಿತ್ತು,” ಎಂದಳು. “ಅವತ್ತು ನಾನು ಕೇಳಿದ್ದಕ್ಕೆ, ನೀವು ಹೋದ್ಮೇಲೆ ಬೈದ್ರು. ಸುಮ್ನಿರು, ಅವನು ಬರೋದು ನಂಗಿಷ್ಟ ಅಂದ್ರು. ಆಮೇಲೆ ಎರಡು ಸಲ ಫೋನ್ ಮಾಡಿದ್ರಲ್ಲ, ಅದೂ ಕಂಪ್ಯೂಟರ್‌ಗಲ್ಲ. ಸುಮ್ನೆ ಒಂದ್ಸಲ ಬಂದ್ಹೋಗಪ್ಪ ಅನ್ನೋಕೆ. ಫೈಲ್ ಕೊಟ್ಟಿದ್ರೂ ಕರೀತಿದ್ವಿ ಅಣ್ಣ.”

ಎಂದಿನಂತೆ ಟೀ ತಂದಿಟ್ಟಳು. ಯಾವ ಫೈಲನ್ನೂ ಹಾಕಿಕೊಡದೆ ಅವನು ಆ ಮನೆಯ ಟೀ ಕುಡಿದದ್ದು ಅದೇ ಮೊದಲು.